ಅರ್ಧಮಿಗದ ಹಿಂಗಾಲು

ಮೊನ್ನೆ ಒಂದು ಮಣ್ಣಿಗೆಂದು ಬೀದರಿಗೆ ಹೋಗಿದ್ದೆ. ಭಾಲ್ಕಿಯಿಂದ ಹೊರಟ ಬಸ್ಸು ಹಲಬರ್ಗಾ ದಾಟುವಷ್ಟರಲ್ಲಿ ಅಂಗೈ ಬೆವೆತು ಟಿಕೀಟು ಮುದ್ದೆಯಾಗಿತ್ತು. ಸತ್ತವರ ಮನೆಗೆ ಹೋಗುವವನಿಗೆ ದುಃಖವಿರಬೇಕು, ಬೆವರು ಯಾಕೆ? ಆ ಮನುಷ್ಯನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಮೂವತ್ತು ವರ್ಷ ಹೇಳದೆ ದಿನ ದೂಡಿದೆ. ಇನ್ನು ಅವರು ಕೇಳುವುದಿಲ್ಲ, ಬಚಾವಾದೆ ಎಂದು ಅನ್ನಿಸಬೇಕಿತ್ತಲ್ಲ, ಅನ್ನಿಸಲಿಲ್ಲ.

ಭಾಲ್ಕಿಯ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ನಾನು ಹಲಬರ್ಗಾದವನು, ಇಪ್ಪತ್ತೆರಡರ ಪ್ರಾಯದಲ್ಲಿ ಅದೇ ಶಾಲೆಗೆ ಅವರ ಕೈಕೆಳಗೆ ಸೇರಿದೆ. ಊರೆಲ್ಲ ಅವರನ್ನು ಬಡೇ ಮಾಸ್ತರ ಎನ್ನುತ್ತಿತ್ತು, ನಾನು ಬಂದ ಮೇಲೆ ತಾನಾಗಿಯೇ ಛೋಟೆ ಮಾಸ್ತರ ಆದೆ. ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ನಮ್ಮ ಕಡೆಯ ಮಕ್ಕಳ ನಾಲಿಗೆಗೆ ರಜೆಯೇ ಇರಲಿಲ್ಲ. ನನ್ನ ಉರ್ದು ಅಕ್ಷರ ಮುತ್ತು ಪೋಣಿಸಿದಂತಿತ್ತು. ಅದಕ್ಕೆ ಬಹುಮಾನವನ್ನೂ ಪಡೆದಿದ್ದೆ. ಆ ಜಂಬವನ್ನು ಮುಂದೆ ಬಡ್ಡಿ ಸಮೇತ ತೀರಿಸಬೇಕಾಯಿತು.

ಬಡೇ ಮಾಸ್ತರರದು ಎತ್ತರದ ಆಳು, ಕರಿ ಶೇರವಾನಿ. ಬಲ ಜೇಬಿನ ಸುತ್ತ ಸದಾ ಸೀಮೆಸುಣ್ಣದ ಬಿಳುಪು. ಮೂರು ಕಾಲದಲ್ಲೂ ಕಂಕುಳಲ್ಲಿ ಕೊಡೆ, ಆದರೆ ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಬಗ್ಗಿ ಅದರ ಕೆಳಗೆ ನೋಡುತ್ತಿದ್ದರು. ಏನು ಬಿದ್ದಿದೆ ಎಂದು ಒಮ್ಮೆ ಕೇಳಿದೆ.

"ನಾಕನೇ ಜಜೀರಾದಾಗ ಒಂದು ಏಡಿ ಅದರಿ. ನಾವು ಎಲ್ಲಿ ಕೂಡಬೇಕಂತ ಮನಸ್ಸು ಮಾಡ್ತೀವಿ, ಅದು ಮೊದಲೇ ಅಲ್ಲಿ ಹೋಗಿ ಕೂತಿರ್ತದ. ಪಾಪ, ತುಳಿದೀವು ಅಂತ ನೋಡ್ದೆ," ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಜಜೀರಾ ಎಂದರೆ ನಡುಗಡ್ಡೆ. ಪಠ್ಯದಲ್ಲಿ ಅದಕ್ಕೆ ಒಂದೇ ಸಾಲಿತ್ತು: ನಾಲ್ಕೂ ಕಡೆ ನೀರಿರುವ ನೆಲ. ಬೇಸಿಗೆಯಲ್ಲಿ ಕಾರಂಜಾ ಹೊಳೆಯೇ ಮೊಣಕಾಲು ಮುಟ್ಟದ ನಮ್ಮ ಸೀಮೆಯಲ್ಲಿ ಹುಡುಗರು ಇದನ್ನು ಗಿಣಿಪಾಠ ಒಪ್ಪಿಸುತ್ತಿದ್ದರೇ ಹೊರತು ಯಾರ ಕಣ್ಣಿಗೂ ಏನೂ ಕಟ್ಟುತ್ತಿರಲಿಲ್ಲ. ಹಾಗಾಗಿ ಮಾಸ್ತರರು ತಾವೇ ಏಳು ಜಜೀರಾ ಹುಟ್ಟಿಸಿದರು. ಇವು ಯಾವ ನಕಾಶೆಯಲ್ಲೂ ಇಲ್ಲ, ನಮ್ಮ ಶಾಲೆಯವು ಮಾತ್ರ ಎಂದು ಮೊದಲೇ ಹೇಳಿಬಿಟ್ಟಿದ್ದರು. ಮಾಂಜರಪಾಟಿನ ದೊಡ್ಡ ಬಟ್ಟೆಯೊಂದಕ್ಕೆ ಗಂಜಿ ಹಾಕಿ ಒಣಗಿಸಿ, ಅದರ ಮೇಲೆ ಬಣ್ಣದಲ್ಲಿ ಬರೆದರು. "ಮೊದಲು ನೀರು ತಗೀರಿ, ನೆಲ ತಾನೇ ಉಳೀತದ," ಎಂಬುದು ಅವರ ಮಾತು. ಮೊದಲು ನೆಲ ಬರೆಯುವವನು ಜಮೀನ್ದಾರ, ನೀರು ಬರೆಯುವವನು ಭೂಗೋಳದವನು ಎಂದು ನಗುತ್ತಿದ್ದರು. ಇಷ್ಟಾಗಿಯೂ ಅವರು ಸಮುದ್ರ ಕಂಡವರಲ್ಲ. ಅವರ ಜಜೀರಾಗಳ ನೆಲವೆಲ್ಲ ಬೀದರಿನ ಕೆಂಪು ಮಣ್ಣು, ಬೆಳೆಯೆಲ್ಲ ತೊಗರಿ. ಗಾಳಿ ಬಿಟ್ಟಾಗ ಜೋಳದ ಹೊಲ ಹೇಗೆ ಬಾಗಿ ಏಳುತ್ತದೋ ಸಮುದ್ರವೂ ಹಾಗೆಯೇ ಎಂದು ಪಾಠ ಮಾಡುತ್ತಿದ್ದರು.

ಜಜೀರಾಕ್ಕೊಂದು ಪ್ರಾಣಿ. ಒಂದರಲ್ಲಿ ಬೆನ್ನ ಮೇಲೆ ಬಾವಿ ಹೊತ್ತ ಆಮೆ. ಮರ್ಯಾದೆಯಿಂದ ಕೇಳಿದರೆ ಸಿಹಿನೀರು ಕೊಡುತ್ತದೆ, ಗದರಿದರೆ ಉಪ್ಪು. ಇನ್ನೊಂದರಲ್ಲಿ ಕುರಿ. ಅದರ ಉಣ್ಣೆ ಕತ್ತರಿಸಿ ಮೇಲಕ್ಕೆ ತೂರಿದರೆ ಮೋಡ ಕಟ್ಟುತ್ತದೆ. ಕುರುಬರ ಮನೆಯ ಹುಡುಗನೊಬ್ಬ ಇದನ್ನು ಕೇಳಿ ವಾರವಿಡೀ ತಮ್ಮ ಹಿಂಡನ್ನು ಅನುಮಾನದಿಂದ ನೋಡಿದನಂತೆ. ಮತ್ತೊಂದರಲ್ಲಿ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡ ಹಂದಿಗಳು, ಹನ್ನೆರಡು. ಹಗಲು ನೆಲದೊಳಗೆ ಇರುತ್ತವೆ, ಕತ್ತಲಾದರೆ ಹೊರಗೆ ಬರುತ್ತವೆ. ಮುಟ್ಟಿದರೆ ಸಿಡಿಯುತ್ತವೆ. ಇದನ್ನೆಲ್ಲ ಚಿತ್ರದ ಪಕ್ಕದಲ್ಲಿ ಉರ್ದುವಿನಲ್ಲಿ ಸಣ್ಣಗೆ ಬರೆದಿರುತ್ತಿದ್ದರು.

ಏಳನೆಯದರಲ್ಲಿ ಅರ್ಧಮಿಗ ಇತ್ತು. ಒಬ್ಬನೇ ನೋಡಿದರೆ ಈ ಮಿಗದ ಮುಂದಿನ ಅರ್ಧ ಮಾತ್ರ ಕಾಣುತ್ತದೆ: ಕೊಂಬು, ಕಣ್ಣು, ಎರಡು ಮುಂಗಾಲು. ಪಕ್ಕದಲ್ಲಿ ಇನ್ನೊಬ್ಬ ನಿಂತು "ಹೌದು, ನಾನೂ ನೋಡೀನಿ" ಎಂದರೆ ಹಿಂದಿನ ಅರ್ಧ ಬರುತ್ತದೆ, ಆಗ ಅದು ಓಡಬಲ್ಲದು. ಎರಡನೆಯವನು ಬಾರದಿದ್ದರೆ ಬೇಟೆಗಾರ ಎದುರಿಗೆ ಬಂದರೂ ಅದು ನಿಂತಲ್ಲೇ ನಿಂತಿರುತ್ತದೆ.

"ಎರಡನೇದಾವ ಸುಳ್ಳ ಹೇಳಿದ್ರ ಸರ್?" ಎಂದು ಒಬ್ಬ ಹುಡುಗ ಕೇಳಿದ.

"ಮೂರೇ ಕಾಲು ಬರ್ತಾವ. ಕುಂಟ್ಕೋತ ಓಡ್ತದ, ಆದ್ರ ಓಡ್ತದ."

"ಸುಮ್ಮ ನಿಂತ್ರ?"

ಮಾಸ್ತರರು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು. "ಸುಮ್ಮ ನಿಲ್ಲೋ ಮಂದೀನ ನಾ ಅಲ್ಲಿಗಿ ಕರ್ಕೊಂಡೇ ಹೋಗಂಗಿಲ್ಲ," ಎಂದರು. ತರಗತಿ ನಕ್ಕಿತು. ಹಿಂದೆ ನಿಂತಿದ್ದ ನಾನೂ ನಕ್ಕೆ.

ನನ್ನ ತಪ್ಪು ನಡೆದದ್ದು ಆಮೇಲೆ. ಜಜೀರಾಗಳ ಬಗ್ಗೆ ಚೆನ್ನಾಗಿ ಒಪ್ಪಿಸಿದ ಹುಡುಗನಿಗೆ ಅದರ ಜಹಗೀರು ಕೊಡುವುದು ಮಾಸ್ತರರ ಪದ್ಧತಿ. ಆರು ಜಜೀರಾಕ್ಕೆ ಆರು ಹುಡುಗರು ಜಹಗೀರದಾರರಾದರು. ಕಮಠಾಣದವನಿಗೆ ಆಮೆ, ಠಾಣಾ ಕುಶನೂರಿನವನಿಗೆ ಕುರಿ, ನಮ್ಮ ಹಲಬರ್ಗಾದ ಹುಡುಗನಿಗೆ ಕೆಂಡದ ಹಂದಿ, ಹೀಗೆ. ಏಳನೆಯದನ್ನು ಅವರು ಯಾರಿಗೂ ಕೊಡಲಿಲ್ಲ. ಒಂದು ದಿನ ಅವರಿಲ್ಲದಾಗ, ನಾನು ನನ್ನ ಮುತ್ತಿನಂಥ ಅಕ್ಷರದಲ್ಲಿ ಆರು ಜಜೀರಾಗಳ ಮೇಲೂ ಆ ಹುಡುಗರ ಊರಿನ ಹೆಸರು ಬರೆದುಬಿಟ್ಟೆ. ಮಸಿಯಲ್ಲಿ.

ಮಾಸ್ತರರು ಬಂದು ನೋಡಿದರು. ಹುಬ್ಬು ಗಂಟಾಯಿತು. "ಇದ್ಯಾಕ ಬರದ್ರಿ?"

"ಬಲ್ಲ ಊರಿನ ಹೆಸರಿದ್ರ ಹುಡುಗ್ರಿಗಿ ಜಲ್ದಿ ನೆನಪ ಉಳೀತದ್ರಿ," ಎಂದೆ.

"ಜಜೀರಾಕ್ಕ ಖರೇ ಊರಿನ ಹೆಸರು ಇಡಬಾರದ್ರಿ. ಖರೇ ಊರಾಗ ಖರೇ ಮಂದಿ ಇರ್ತಾರ," ಎಂದರು. ನನ್ನ ಮುಖ ಸಣ್ಣಗಾದದ್ದು ನೋಡಿ, "ಇರ್ಲಿ ಬಿಡ್ರಿ, ಅಕ್ಷರ ಬಹಳ ಚಂದ ಬಂದಾವ," ಎಂದು ಸುಮ್ಮನಾದರು.

ಆ ವರ್ಷ ಗಾಳಿಯೇ ಕೆಟ್ಟಿತ್ತು. ಒಂದು ಕಡೆಯವರು ಖಾಕಿ ತೊಟ್ಟು ಬೀದಿಯಲ್ಲಿ ಕವಾಯತು ಮಾಡುತ್ತಿದ್ದರು. ಇನ್ನೊಂದು ಕಡೆಯವರು ಹೆಂಡಿರು ಮಕ್ಕಳನ್ನು ಗಡಿಯಾಚೆಗೆ ಸಾಗಿಸುತ್ತಿದ್ದರು. ಸಂಜೆ ನಾಯಿ ಬೊಗಳಿದರೂ ನಮ್ಮ ಅವ್ವ ದೀಪ ಆರಿಸುತ್ತಿದ್ದಳು. ಆಗ ನನ್ನ ಅವ್ವನನ್ನು ಹಲಬರ್ಗಾದಿಂದ ಕರೆತಂದು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡವರು ಬಡೇ ಮಾಸ್ತರರು. ಅವರ ಹೆಂಡತಿ ಅವ್ವನಿಗೆಂದು ಹೊಸ ಮಡಕೆ ತರಿಸಿ, ಬೇರೆ ಒಲೆ ಹೂಡಿಕೊಟ್ಟಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದರ ತೂಕ ಓದುವವರಿಗೆ ಗೊತ್ತಾಗಲಿ.

ಪೊಲೀಸ್ ಆಕ್ಷನ್ ಆಯಿತು. ಐದೇ ದಿನದಲ್ಲಿ ರಾಜ್ಯ ಹೋಗಿ ರಾಜ್ಯ ಬಂತು. ಅಂಜುವವರು ಬದಲಾದರು, ಅಂಜಿಕೆ ಮಾತ್ರ ಇದ್ದಲ್ಲೇ ಇತ್ತು. ಆ ವಾರಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಏನೇನು ನಡೆಯಿತೆಂದು ಬಲ್ಲವರಿಗೆ ಹೇಳಬೇಕಿಲ್ಲ. ಅಡಗಿಸಿಟ್ಟ ಹತಾರಗಳಿಗಾಗಿ ಮನೆಮನೆ ತಪಾಸಣೆ ಶುರುವಾಯಿತು. ಬಂದೂಕುಗಳನ್ನು ಬಾವಿಗೆ ಎಸೆದಿದ್ದಾರೆ, ಹೊಲದಲ್ಲಿ ಹೂತಿದ್ದಾರೆ ಎಂಬ ಸುದ್ದಿ. ಮಾಸ್ತರರ ಮನೆಯ ಅಟ್ಟದಲ್ಲಿ ಸಿಕ್ಕಿದ್ದು ಒಂದು ಬಟ್ಟೆಯ ಸುರುಳಿ. ಶಾಲೆ ಮುಚ್ಚಿದ್ದರಿಂದ ಗೆದ್ದಲು ಹತ್ತೀತೆಂದು ಅವರು ಅದನ್ನು ಮನೆಗೆ ತಂದಿದ್ದರು. ಬಟ್ಟೆಯ ಜೊತೆಗೆ ಅವರನ್ನೂ ಒಯ್ದರು.

ಮೂರನೆಯ ದಿನ ಮುಂಜಾನೆ ನನಗೆ ಕಚೇರಿಯಿಂದ ಕರೆ ಬಂತು. ಜೊತೆಯ ಮಾಸ್ತರ, ಹಿಂದೂ, ಇವನ ಮಾತು ನಂಬಬಹುದು ಎಂದು ಯಾರೋ ಹೇಳಿದ್ದರಂತೆ. ಮೇಜಿನ ಮೇಲೆ ಏಳು ಜಜೀರಾ ಹರಡಿದ್ದವು. ಗೋಡೆಗೆ ಒರಗಿ ಮಾಸ್ತರರು ನಿಂತಿದ್ದರು, ಶೇರವಾನಿಯ ಗುಂಡಿಗಳು ಹೋಗಿದ್ದವು. ಹೊಸ ಅಧಿಕಾರಿ ಹೊರ ಪ್ರಾಂತದವನು. ಅವನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಸ್ಥಳೀಯ ಗುಮಾಸ್ತನೊಬ್ಬ ಓದಿ ಹೇಳುತ್ತಿದ್ದ.

"ಹಲಬರ್ಗಾ. ಹನ್ನೆರಡು. ಹಗಲು ನೆಲದಾಗ ಇರ್ತಾವ. ಹೊಟ್ಯಾಗ ಬೆಂಕಿ. ಮುಟ್ಟಿದ್ರ ಸಿಡೀತಾವ." ಗುಮಾಸ್ತ ಬೆರಳು ಸರಿಸಿದ. "ಕಮಠಾಣ. ಬಾವಿ ಒಂದು. ಕೇಳೋ ರೀತಿ ಕೇಳಿದ್ರ ಕೊಡ್ತದ."

ಅಷ್ಟು ದಿನ ಕೇಳಿ ನಕ್ಕ ಸಾಲುಗಳು ಆ ಬಾಯಲ್ಲಿ ಬೇರೆಯೇ ಆಗಿದ್ದವು. ನನಗೇ ಒಂದು ಕ್ಷಣ ಹಲಬರ್ಗಾದ ಹೊಲಗಳಲ್ಲಿ ಹನ್ನೆರಡು ಬಾಂಬುಗಳಿವೆ ಎನ್ನಿಸಿತು.

"ಸಾಬ್ರ, ಅದು ಸಾಲಿ ಹುಡುಗ್ರ ಪಾಠರಿ," ಎಂದರು ಮಾಸ್ತರರು. ದನಿ ಒಣಗಿತ್ತು. "ಅವು ಹಂದಿರಿ. ಅದು ಆಮಿ."

ಅಧಿಕಾರಿ ಏನೋ ಕೇಳಿದ. ಗುಮಾಸ್ತ ನನ್ನ ಕಡೆ ತಿರುಗಿದ. "ಸಾಹೇಬ್ರು ಕೇಳ್ಲಾಕತ್ತಾರ, ಪಾಠ ಅಂದ್ರ ಖರೇ ಊರಿನ ಹೆಸರು ಯಾಕ ಅವ? ಚಿತ್ರದ ಬರಹ ಒಬ್ಬರ ಕೈದು, ಊರಿನ ಹೆಸರು ಇನ್ನೊಬ್ಬರ ಕೈದು. ಊರಿನ ಹೆಸರು ಬರದಾವ ಯಾರು?"

ಉತ್ತರ ಬಹಳ ಸಣ್ಣದಿತ್ತು. ನಾನು ಬರೆದೆ, ಅವು ಹುಡುಗರ ಊರು, ಬೇಕಿದ್ದರೆ ಆ ಹುಡುಗರನ್ನು ಕರೆಸಿ. ಇಷ್ಟೇ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಉರ್ದುವಿಗೆ ಬಹುಮಾನ ತೆಗೆದುಕೊಂಡವನು, ಅವರ ಮನೆಯಲ್ಲಿ ಅವ್ವನನ್ನು ಇಟ್ಟವನು, ಹಲಬರ್ಗಾದವನು, ಹಲಬರ್ಗಾದ ಮೇಲೇ ಬೆಂಕಿಯ ಗುರುತು. ಇದಕ್ಕಿಂತ ಸಣ್ಣ ಗುಮಾನಿಯ ಮೇಲೆ ಹೋದವರು ಆ ವಾರ ತಿರುಗಿ ಬಂದಿರಲಿಲ್ಲ.

"ನಂಗ ಗೊತ್ತಿಲ್ರಿ," ಎಂದೆ.

ಮಾಸ್ತರರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ತಪ್ಪು ಉತ್ತರ ಹೇಳಿದ ಹುಡುಗನಿಗೆ ಇನ್ನೊಂದು ಸಲ ಯೋಚಿಸಲು ಬಿಡುತ್ತಿದ್ದರಲ್ಲ, ಹಾಗೆ ಕಾದರು. ನಾನು ನೆಲ ನೋಡುತ್ತ ನಿಂತೆ. ನೆಲದ ಶಹಾಬಾದ ಕಲ್ಲಿನಲ್ಲಿ ಒಂದು ಬಿರುಕಿತ್ತು, ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

"ನಾನೇ ಬರದೀನ್ರಿ," ಎಂದರು ಅವರು. "ಎರಡೂ ಕೈ ನಂದೇ. ಒಂದು ಬಲಗೈದು, ಒಂದು ಎಡಗೈದು."

ಅವರನ್ನು ಬೀದರಿನ ಜೇಲಿಗೆ ಹಾಕಿದರು. ಎಂಟು ತಿಂಗಳು. ನೂರು ಗಜ ಅಗೆದರೂ ಹಂದಿ ಸಿಗದ ಮೇಲೆ ಬಿಟ್ಟರು. ಅದೇ ಗುಮಾಸ್ತ ಎಷ್ಟೋ ದಿನಗಳ ಮೇಲೆ ಸಂತೆಯಲ್ಲಿ ಸಿಕ್ಕು ಹೇಳಿದ: "ಅವತ್ತು ಇನ್ನೊಬ್ರು ಯಾರಾರ ಹೌದಂದಿದ್ರ ಸಾಹೇಬ್ರು ನಕ್ಕು ಬಿಟ್ಟ ಬಿಡ್ತಿದ್ರು ನೋಡ್ರಿ." ನಾನು ಕೊಂಡಿದ್ದ ಬದನೆಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಬಿಡುಗಡೆಯಾದ ಮೇಲೆ ಅವರು ಮೊದಲ ಸಲ ಕಂಡದ್ದು ಭಾಲ್ಕಿಯ ಪೇಟೆಯಲ್ಲಿ. ಎರಡು ಹಲ್ಲು ಹೋಗಿದ್ದವು. ಕಂಕುಳಲ್ಲಿ ಕೊಡೆ ಇರಲಿಲ್ಲ. ಅಂಗಡಿಯ ಮರೆಗೆ ಸರಿಯೋಣವೆನ್ನುವಷ್ಟರಲ್ಲಿ ನೇರ ನನ್ನ ಬಳಿ ಬಂದರು. "ಛೋಟೆ ಮಾಸ್ತರ್ರ, ಊಟ ಆಯ್ತೇನ್ರಿ? ಅವ್ವ ಹ್ಯಾಂಗ ಅದಾರ?" ಎಂದರು. ಅಷ್ಟೇ ಕೇಳಿ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆಮೇಲಿನದು ದೇವರ ತಮಾಷೆಯೇ ಸರಿ. ಶಾಲೆಗಳು ಕನ್ನಡವಾದವು. ಕನ್ನಡ ಪರೀಕ್ಷೆ ಪಾಸಾಗದ ಮಾಸ್ತರರ ನೌಕರಿ ಉಳಿಯುವುದಿಲ್ಲ ಎಂದು ಹುಕುಂ ಬಂತು. ಅವರನ್ನು ಔರಾದ ತಾಲೂಕಿನ ಒಂದು ಶಾಲೆಗೆ ಹಾಕಿದ್ದರು. ಪ್ರತಿ ಶನಿವಾರ ಬಸ್ಸು ಹತ್ತಿ ನನ್ನ ಮನೆಗೆ ಅಕ್ಷರ ಕಲಿಯಲು ಬರತೊಡಗಿದರು. ನಲವತ್ತಾರರ ಮನುಷ್ಯ ನನ್ನ ಚಾಪೆಯ ಮೇಲೆ ಕೂತು ಪಾಟಿಯ ಮೇಲೆ ಅ ಆ ತೀಡುವುದು. ಬಾಗಿಲಲ್ಲೇ "ಗುರುಗಳು ಮನ್ಯಾಗ ಅದಾರೇನ್ರಿ?" ಎಂದು ಕೂಗುವುದು. ಅವ್ವ ನಗುತ್ತಿದ್ದಳು. ನಾನು ಮಾತ್ರ, ಇವತ್ತು ಆ ಮಾತು ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದು ಎರಡು ತಾಸೂ ಕಾಯುತ್ತಿದ್ದೆ. ತೆಗೆಯುತ್ತಿರಲಿಲ್ಲ.

ಒಂದು ಶನಿವಾರ ಮನೆಯಲ್ಲೇ ಬರೆದ ಕಾಪಿ ತಂದರು. ಬಿಚ್ಚಿದೆ. ಹಲಬರ್ಗಾ, ಕಮಠಾಣ, ಠಾಣಾ ಕುಶನೂರ... ಆರೂ ಊರುಗಳು, ಸಾಲಾಗಿ, ಪುಟ ತುಂಬ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದಾಯಿತು.

"ಇವೇ ಊರು ಯಾಕ್ರಿ?" ಎಂದೆ ಹೇಗೋ.

"ಬಲ್ಲ ಊರಿನ ಹೆಸರಿದ್ರ ಜಲ್ದಿ ನೆನಪ ಉಳೀತದಂತ ನೀವೇ ಹೇಳಿದ್ರಲ್ರಿ," ಎಂದರು, ಪಾಟಿಯಿಂದ ತಲೆ ಎತ್ತದೆ.

ಬಾಗಿಲು ತೆರೆದು ಹಿಡಿದಿದ್ದರು. ನಾನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಕೆಂಪು ಮಸಿಯಲ್ಲಿ ಎರಡು ಕಡೆ ಕೊಂಬು ತಿದ್ದಿ, ಪುಟದ ಕೆಳಗೆ "ಉತ್ತಮ" ಎಂದು ಬರೆದು ಕಾಪಿ ಮುಚ್ಚಿ ಕೊಟ್ಟೆ. ಆ ಪರೀಕ್ಷೆಯಲ್ಲಿ ಅವರು ಪಾಸಾದರು. ಶನಿವಾರದ ಬರವು ನಿಂತಿತು. ನನಗೆ ಹಗುರವಾಗಬೇಕಿತ್ತು, ಬಿಕೋ ಎನ್ನಿಸಿತು.

ನಿವೃತ್ತಿಯ ಮೇಲೆ ಬೀದರಿನ ಹಳೆಯ ಓಣಿಯಲ್ಲಿ ಮಗಳ ಮನೆಯಲ್ಲಿದ್ದರು. ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಗಿ ಕಾಣುತ್ತಿದ್ದೆ. ಅಳಿಯ ಒಮ್ಮೆ ಮುಂಬಯಿಗೆ ಕರೆದೊಯ್ದಿದ್ದನಂತೆ. ಸಮುದ್ರ ಹೇಗಿತ್ತೆಂದು ಕೇಳಿದೆ. "ನೋಡಿಲ್ರಿ. ಆ ಕಡಿ ಬೆನ್ನ ಮಾಡಿ ನಿಂತಿದ್ದೆ. ನೋಡಿದ್ರ ನಮ್ಮ ಜಜೀರಾ ಸುಳ್ಳಾಗ್ತಾವ," ಎಂದರು. ಹೊರಡುವಾಗ ಪ್ರತಿ ಸಲವೂ ಹೊಸ್ತಿಲವರೆಗೆ ಬಂದು, "ಮತ್ತೇನರೆ ಹೇಳೋದಿತ್ತೇನ್ರಿ?" ಎನ್ನುತ್ತಿದ್ದರು. ಎಲ್ಲರಿಗೂ ಹಾಗೆಯೇ ಕೇಳುತ್ತಿದ್ದರೋ ಏನೋ. "ಏನಿಲ್ರಿ, ಬರ್ತೇನಿ" ಎಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಮಣ್ಣು ಮುಗಿದ ಮೇಲೆ ಜನ ಚದುರಿದರು. ನಾನು ಅಂಗಳದಲ್ಲಿ ಕೂತೇ ಇದ್ದೆ. ಮಗಳು ಒಳಗಿನಿಂದ ಒಂದು ಸುರುಳಿ ತಂದು ನನ್ನ ಮುಂದೆ ಬಿಚ್ಚಿದಳು. ಅಪ್ಪನನ್ನು ಒಯ್ದಾಗ ಅವಳಿಗೆ ಎಂಟು ವರ್ಷ. ಈಗ ಕೂದಲು ಬೆಳ್ಳಗಾಗತೊಡಗಿದೆ.

"ಕಚೇರಿಗಿ ತಿರುಗಿ ತಿರುಗಿ ಬಿಡಿಸ್ಕೊಂಡು ಬಂದಿದ್ರು," ಎಂದಳು. ಮಾಂಜರಪಾಟು ಹಳದಿಯಾಗಿತ್ತು. ಹಂದಿಗಳ ಪಕ್ಕ, ಆಮೆಯ ಪಕ್ಕ ಅವರು ಹೊಸದಾಗಿ ಕಲಿತ ಕನ್ನಡದಲ್ಲಿ ಮತ್ತೆ ಎಲ್ಲ ಬರೆದಿದ್ದರು. ನನ್ನ ಆರು ಊರುಗಳನ್ನು ಮಾತ್ರ ಅಳಿಸಿರಲಿಲ್ಲ. ಮುತ್ತಿನಂಥ ಅಕ್ಷರ, ಮಸಿ ಒಂದಿಷ್ಟೂ ಮಾಸಿರಲಿಲ್ಲ. ಏಳನೆಯ ಜಜೀರಾದಲ್ಲಿ ಮಿಗ ಮುಂಗಾಲೂರಿ ನಿಂತಿತ್ತು.

"ಇದರ ಹಿಂದಿನ ಕಾಲು ಎಲ್ಲಿ ಅಬ್ಬಾ ಅಂತ ಸಣ್ಣಾಕಿದ್ದಾಗ ಕೇಳ್ತಿದ್ದೆ. ಛೋಟೆ ಮಾಸ್ತರ ಹತ್ರ ಅವ, ತರ್ತಾರ ತಡಿ ಅಂತಿದ್ರು," ಎಂದು ಅವಳು ನಕ್ಕಳು. ಅದನ್ನು ಅಪ್ಪನ ಚೇಷ್ಟೆ ಎಂದುಕೊಂಡವಳ ನಗು.

ಮೂವತ್ತು ವರ್ಷ ಒಳಗೇ ಕೊಳೆತ ಮಾತು ಹೊರಗೆ ಬರುವಾಗ ದೊಡ್ಡ ದನಿಯೇನೂ ಬರಲಿಲ್ಲ.

"ಊರಿನ ಹೆಸರು ಬರದಾವ ನಾನವ್ವ. ಅವರಲ್ಲ. ಕಚೇರ್ಯಾಗ ಕೇಳಿದಾಗ ನಂಗ ಗೊತ್ತಿಲ್ಲ ಅಂದೆ."

ಅವಳ ಕೈ ಬಟ್ಟೆಯ ಮೇಲೆ ನಿಂತಿತು. ಬಗ್ಗಿ ಆ ಅಕ್ಷರಗಳನ್ನೇ ನೋಡಿದಳು.

"ನಮ್ಮ ಅಮ್ಮಿ ಸಾಯೋತನಕ ಅಬ್ಬಾಗ ಬೈದ್ಳರಿ," ಎಂದಳು ಮೆಲ್ಲಗೆ. "ದಿನಾ. ಜಜೀರಾ ಬರದ್ರಿ ಬರದ್ರಿ, ಊರಿನ ಹೆಸರು ಯಾಕ ಬರದ್ರಿ, ನಮ್ಮ ಮನಿ ಯಾಕ ಹಾಳ ಮಾಡಿದ್ರಿ ಅಂತ. ಅಬ್ಬಾ ನಗ್ತಿದ್ರು. ಒಂದಿನಾನೂ ಬಾಯಿ ಬಿಡ್ಲಿಲ್ಲ."

ಅವ್ವನಿಗೆ ಹೊಸ ಮಡಕೆ ತರಿಸಿಕೊಟ್ಟ ಆ ತಾಯಿ. ನಾನು ಅತ್ತೆ. ಅತ್ತು ಹಗುರಾಗುವ ಹಕ್ಕು ನನಗಿಲ್ಲ ಎಂದು ಗೊತ್ತಿದ್ದೂ ಅತ್ತೆ. ಅವಳು ಎದ್ದು ಒಳಗೆ ಹೋದಳು. ನಾನು ಒಬ್ಬನೇ ಮಿಗದ ಮುಂದೆ ಕೂತೆ. "ಹೌದು, ನಾನೂ ನೋಡೀನಿ" ಎಂದು ಬಾಯಲ್ಲೇ ಅಂದೆ. ಹೇಳಬೇಕಾದಾಗ ಎದುರಿಗೆ ನಿಂತಿದ್ದವರು ಈಗ ಮಣ್ಣಿನಲ್ಲಿದ್ದರು. ಇಬ್ಬರು ಬೇಕಿತ್ತಲ್ಲ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಅವಳು ಚಹಾ ತಂದು ನನ್ನ ಪಕ್ಕ ಇಟ್ಟಳು. ಹೋಗಲಿಲ್ಲ. ಪಕ್ಕದಲ್ಲೇ ನಿಂತು ಬಟ್ಟೆಯ ಕಡೆ ನೋಡಿದಳು.

"ಕಾಣ್ತದೇನ್ರಿ?" ಎಂದಳು.

"ಅರ್ಧ ಕಾಣ್ತದವ್ವ."

"ಹೌದ್ರಿ," ಎಂದಳು. "ನನಗೂ ಅರ್ಧಾನೇ ಕಾಣ್ತದ."